ಸೀಗಡಿಯ ಹೃದಯ

ಹಲಸೂರಿನ ಶಾಲೆಯಲ್ಲಿ ನನ್ನಿಂದ ಜೀವಶಾಸ್ತ್ರ ಕಲಿತವರಿಗೆ, ನಾನು ಶಿವಾಜಿನಗರದಿಂದ ತರುತ್ತಿದ್ದ ಸೀಗಡಿಯ ಪೊಟ್ಟಣ ನೆನಪಿರಬಹುದು. 1927ರಲ್ಲಿ ನಿರ್ಮಿತವಾದ ರಸೆಲ್ ಮಾರುಕಟ್ಟೆಯ ಬಳಿ, ಸಸ್ಯಾಹಾರಿಯಾದ ನಾನು ಮೂಗು ಮುಚ್ಚಿಕೊಂಡು ನಾಲ್ಕೇ ನಾಲ್ಕು ಸೀಗಡಿ ಕೇಳಿದರೆ, "ಇಷ್ಟರಲ್ಲಿ ಸಾರು ಯಾರಿಗಾಗುತ್ತೆ ಮೇಷ್ಟ್ರೇ?" ಎಂದು ಅಂಗಡಿಯವನು ನಗುತ್ತಿದ್ದ.

ಸೀಗಡಿಯು ಪಾಠಕ್ಕೆ ಬಂದುದಕ್ಕೂ ಒಂದು ಇತಿಹಾಸವುಂಟು. 1880ರಲ್ಲಿ ಟಿ.ಎಚ್. ಹಕ್ಸ್‌ಲಿಯು 'ದಿ ಕ್ರೇಫಿಷ್' ಎಂಬ ಗ್ರಂಥವನ್ನು ಪ್ರಾಣಿಶಾಸ್ತ್ರದ ಪ್ರವೇಶಿಕೆಯಾಗಿಯೇ ರಚಿಸಿದನು. ಸೀಗಡಿಯ ಬಂಧುವಾದ ಆ ಪ್ರಾಣಿ ಯುರೋಪಿನ ಹೊಳೆಗಳದು. ನಮ್ಮ ದೇಶದ ಹೊಳೆಗಳಲ್ಲಿ ಸಹಜವಾಗಿ ಇಲ್ಲವೇ ಇಲ್ಲ. 1937ರಲ್ಲಿ ಎಸ್.ಎಸ್. ಪಟವರ್ಧನರು ಭಾರತದ ನದೀಸೀಗಡಿಯ ಅಂಗರಚನೆಯನ್ನು ಕುರಿತು ಗ್ರಂಥ ಬರೆದ ಮೇಲೆ, ನಮ್ಮ ವಿದ್ಯಾರ್ಥಿಗಳಿಗೆ ನಮ್ಮದೇ ನೀರಿನ ಪ್ರಾಣಿ ದೊರೆಯಿತು. ಇದು ಕೇವಲ ಸ್ವದೇಶಾಭಿಮಾನದ ಮಾತಲ್ಲ. ಕ್ರೇಫಿಷ್‌ನ ಹೃದಯಕ್ಕೆ ರಕ್ತ ಒಳಸೇರುವ ರಂಧ್ರಗಳು 3 ಜೊತೆ. ನದೀಸೀಗಡಿಗೆ 5 ಜೊತೆ. ಪರದೇಶದ ಚಿತ್ರವನ್ನು ಬಾಯಿಪಾಠ ಮಾಡಿದವನು ಕಣ್ಣೆದುರಿನ ಪ್ರಾಣಿಯಲ್ಲಿ ತಪ್ಪುತ್ತಿದ್ದನು.

ಹೃದಯವು ಬೆನ್ನಿನ ಚಿಪ್ಪಿನ ಹಿಂಭಾಗದಲ್ಲಿ, ರಕ್ತ ತುಂಬಿದ ಕುಹರದೊಳಗೆ ತೇಲುತ್ತಿರುತ್ತದೆ. ಅದು ಕುಗ್ಗಿದಾಗ ರಕ್ತವು ಅಪಧಮನಿಗಳಲ್ಲಿ ಹರಿದು, ಕಡೆಗೆ ಅಂಗಾಂಗಗಳ ನಡುವಿನ ಬಯಲಿಗೇ ಬೀಳುತ್ತದೆ. ನಮಗಿರುವಂತಹ ಅಭಿಧಮನಿಗಳಿಲ್ಲ. ಎದೆಯಡಿಯ ಕುಹರದಲ್ಲಿ ಕೂಡಿಕೊಂಡ ರಕ್ತವು ಕಿವಿರುಗಳಲ್ಲಿ ಶುದ್ಧಿಗೊಂಡು, ಮರಳಿ ಹೃದಯದ ಸುತ್ತ ಸೇರಿ, ಆ ರಂಧ್ರಗಳ ಮೂಲಕ ಒಳನುಗ್ಗುತ್ತದೆ. ಅದರಲ್ಲಿ ಕಬ್ಬಿಣದ ಬದಲು ತಾಮ್ರವಿರುವುದರಿಂದ, ಆಮ್ಲಜನಕ ಸೇರಿದಾಗ ನಸುನೀಲಿ.

ಇದನ್ನೆಲ್ಲ ವಿವರಿಸುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಸಾರ್, ಇದು ಬಡ್ಕೊಳ್ಳೋದನ್ನ ನೀವು ನೋಡಿದ್ದೀರಾ?" ಎಂದಳು. "ನೋಡಿದ್ದೇನೆ, ಕೂತುಕೋ" ಎಂದೆ. ಅದು ಸುಳ್ಳು. ನನ್ನ ಸೀಗಡಿಗಳೆಲ್ಲ ಮಂಜುಗಡ್ಡೆಯಲ್ಲಿ ಸತ್ತು ಬಂದವು.

ವಿಲಿಯಂ ಹಾರ್ವೆಯು ರಕ್ತಪರಿಚಲನೆಯನ್ನು ಕುರಿತ 1628ರ ಗ್ರಂಥದಲ್ಲಿ, ಥೇಮ್ಸ್ ನದಿಯ ಪಾರದರ್ಶಕ ಸೀಗಡಿಯನ್ನು ನೀರಿನಲ್ಲಿಟ್ಟು ಅದರ ಹೃದಯದ ಮಿಡಿತವನ್ನು ಗೆಳೆಯರೊಡನೆ ನೋಡಿದುದನ್ನು ಹೇಳಿದ್ದಾನೆ. ನಿವೃತ್ತನಾದ ಮೇಲಷ್ಟೇ ಅದನ್ನೋದಿದೆ. ಕಳೆದ ತಿಂಗಳು ಇಂದಿರಾನಗರದಲ್ಲಿ ಮೊಮ್ಮಗನು ಸಾಕಿರುವ ಗಾಜಿನಂತಹ ಪುಟ್ಟ ಸೀಗಡಿಯೊಂದನ್ನು ಬಟ್ಟಲಿಗೆ ಹಾಕಿ, ಭೂತಗನ್ನಡಿ ಹಿಡಿದೆ. ತಲೆಯ ಹಿಂದೆ, ಬೆನ್ನಿನಡಿಯಲ್ಲಿ ಏನೋ ಪಟಪಟನೆ ಮಿಡಿಯುತ್ತಿತ್ತು. ಎಣಿಸಲು ಹೋಗಿ ಮೂರು ಬಾರಿ ತಪ್ಪಿದೆ.

ಅಮ್ಮಾ, ನೀನು ಈ ಪುಟವನ್ನು ಓದುತ್ತಿದ್ದರೆ, ಅಂದು ನೋಡಿರಲಿಲ್ಲ. ಈಗ ನೋಡಿದ್ದೇನೆ.