ಗಿಬ್ಸನ್ ಇ.ಎಸ್.-335

ಅಮೆರಿಕದ ಮಿಷಿಗನ್ ಸಂಸ್ಥಾನದ ಕಲಮಜೂ ನಗರದಲ್ಲಿದ್ದ ಗಿಬ್ಸನ್ ಸಂಸ್ಥೆಯು, ಟೆಡ್ ಮೆಕಾರ್ಟಿಯವರ ಅಧ್ಯಕ್ಷತೆಯ ಕಾಲದಲ್ಲಿ, 1958ರಲ್ಲಿ ಹೊರತಂದ ಅರೆಟೊಳ್ಳು ಒಡಲಿನ ವಿದ್ಯುತ್ ಗಿಟಾರು. ಪೂರ್ಣವಾಗಿ ಟೊಳ್ಳಾದ ಗಿಟಾರುಗಳ ನಾದವು ಮಧುರವಾದುದಾದರೂ, ಆಂಪ್ಲಿಫೈಯರಿನ ಸದ್ದನ್ನು ಏರಿಸಿದೊಡನೆ ಆ ಸದ್ದೇ ಮರಳಿ ಬಂದು ಒಡಲನ್ನೂ ತಂತಿಗಳನ್ನೂ ಕಂಪನಗೊಳಿಸಿ ಕರ್ಕಶವಾದ ಕೂಗನ್ನೆಬ್ಬಿಸುತ್ತಿತ್ತು. ಘನವಾದ ಒಡಲಿನ ಗಿಟಾರುಗಳಲ್ಲಿ ಈ ಬಾಧೆ ಅಲ್ಪವಾದರೂ ನಾದದ ಆ ಮಾರ್ದವವೂ ಅಲ್ಪವೇ. ಪದರಪದರವಾಗಿ ಅಂಟಿಸಿದ ಮೇಪಲ್ ಹಲಗೆಗಳಿಂದ ರಚಿತವಾದ, ದಪ್ಪದಲ್ಲಿ ಎರಡಂಗುಲಕ್ಕೂ ಕಡಿಮೆಯಾದ ಒಡಲಿನ ಮಧ್ಯದಲ್ಲಿ ಮೇಪಲ್ ಮರದ ದಿಮ್ಮಿಯೊಂದನ್ನು ಉದ್ದಕ್ಕೂ ಹಾಯಿಸಿ, ಇಕ್ಕೆಲಗಳನ್ನು ಮಾತ್ರ ಟೊಳ್ಳಾಗಿ ಉಳಿಸಿ, ಅವುಗಳ ಮೇಲೆ ಪಿಟೀಲಿನಲ್ಲಿರುವಂತಹ ನಾದರಂಧ್ರಗಳನ್ನು ಕೊರೆದ ಈ ಉಪಾಯವು, ಸರಳವಾಗಿದ್ದೂ ವಾದ್ಯನಿರ್ಮಾಣದ ಇತಿಹಾಸದಲ್ಲಿ ಅತ್ಯಂತ ಸುಂದರವಾದ ಪರಿಹಾರಗಳಲ್ಲೊಂದೆಂದು ನಿಸ್ಸಂಕೋಚವಾಗಿ ಹೇಳಬಹುದು. ಗಿಬ್ಸನ್ನಿನ ಎಂಜಿನಿಯರ್ ಸೆತ್ ಲವರ್ ರೂಪಿಸಿದ, ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಹಂಬಕರ್ ಪಿಕಪ್‌ಗಳೆರಡನ್ನು ಇದಕ್ಕೆ ಅಳವಡಿಸಿದರು. ಪ್ರತಿಯೊಂದರಲ್ಲಿಯೂ ಇರುವ ಜೋಡಿ ಸುರುಳಿಗಳು ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನು ಪರಸ್ಪರ ಅಳಿಸಿಹಾಕುತ್ತವೆ. ಬೆರಳುಹಲಗೆಯ ಮೇಲಣ ಚುಕ್ಕಿಗಳು 1962ರಲ್ಲಿ ಚೌಕಗಳಾದುವು. ಚುಕ್ಕಿಯ ಕಾಲದ ವಾದ್ಯಗಳಿಗೆ ಸಂಗ್ರಾಹಕರಲ್ಲಿ ವಿಶೇಷ ಆದರವುಂಟು, ಹಳೆಯ ಮಾದರಿಯ ಹಲವು ಪುನರ್ನಿರ್ಮಾಣಗಳೂ ಆ ಲಕ್ಷಣಗಳನ್ನೇ ಅನುಸರಿಸುತ್ತವೆ. ಬ್ಲೂಸ್, ಜಾಝ್, ರಾಕ್ ಮೂರಕ್ಕೂ ಒಗ್ಗಿದ ಈ ವಾದ್ಯವನ್ನು ಗಿಟಾರುವಾದಕ ಲ್ಯಾರಿ ಕಾರ್ಲ್ಟನ್ ತಮ್ಮ ಹೆಸರಿನೊಡನೆಯೇ ಬೆಸೆದುಕೊಂಡರು. ಇದರ ಸೋದರ ಮಾದರಿಯಾದ ಇ.ಎಸ್.-355ನ್ನು ಬಹುಕಾಲ ನುಡಿಸಿದ ಬಿ.ಬಿ. ಕಿಂಗ್ ಅವರ ‘ಲೂಸಿಲ್’ ಹೆಸರಿನ ಗಿಟಾರನ್ನು 1980ರಲ್ಲಿ ಗಿಬ್ಸನ್ ಮಾರಾಟಕ್ಕೆ ತಂದಾಗ, ಕೂಗನ್ನು ಇನ್ನಷ್ಟು ಅಡಗಿಸಲೆಂದು ನಾದರಂಧ್ರಗಳನ್ನೇ ಕೈಬಿಡಲಾಯಿತು.