ಹೈದರಾಬಾದಿನ ಜಿಮ್ನಾಸ್ಟಿಕ್ಸ್ ಮತ್ತು ಕಾಲೇಜು ವಯಸ್ಸಿನ ಖ್ಯಾತಿ

ಜಿಮ್ನಾಸ್ಟಿಕ್ಸ್‌ನಲ್ಲಿ ಹೆಸರು ಮಾಡುವ ವಯಸ್ಸೂ ಪದವಿ ಓದುವ ವಯಸ್ಸೂ ಹೆಚ್ಚುಕಡಿಮೆ ಒಂದೇ. ಮಹಿಳೆಯರ ಹಿರಿಯರ ವಿಭಾಗಕ್ಕೆ ಪ್ರವೇಶ 16ನೇ ವರ್ಷದಲ್ಲಿ. ಹೈದರಾಬಾದಿನಲ್ಲಿ ಈ ಕ್ರೀಡೆಯ ಮುಖ್ಯ ನೆಲೆ ಹಿಂದಿನ ಫತೇ ಮೈದಾನ, ಅಂದರೆ ಇಂದಿನ ಲಾಲ್ ಬಹದ್ದೂರ್ ಕ್ರೀಡಾಂಗಣ. 1887ರಲ್ಲಿ ಆರಂಭವಾದ ನಿಜಾಮ್ ಕಾಲೇಜು ಅದರ ಪಕ್ಕದಲ್ಲೇ ಇದೆ.

ಹಿನ್ನೆಲೆ: ಭಾರತೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ ಹುಟ್ಟಿದ್ದು 1951ರಲ್ಲಿ. ಜಿಮ್ನಾಸ್ಟ್ ಶಾಮ್ ಲಾಲ್ 1961ರಲ್ಲಿ ಅರ್ಜುನ ಪ್ರಶಸ್ತಿ ಪಡೆದರೂ ಆಟ ಮನೆಮಾತಾಗಲಿಲ್ಲ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಆಶಿಶ್ ಕುಮಾರ್ ಬೆಳ್ಳಿ, ಕಂಚು ಗೆದ್ದರು. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ (ಮೇಜಿಗೆ ಕೈಯೂರಿ ಜಿಗಿಯುವ) ಸ್ಪರ್ಧೆಯಲ್ಲಿ ತ್ರಿಪುರದ ದೀಪಾ ಕರ್ಮಾಕರ್ 15.066 ಅಂಕದೊಂದಿಗೆ ನಾಲ್ಕನೆಯವರಾದರು. 0.150 ಅಂಕದಲ್ಲಿ ಕಂಚು ಕೈತಪ್ಪಿದರೂ ದೇಶವೆಲ್ಲ ಅವರನ್ನು ಗುರುತಿಸಿತು.

ಅರುಣಾ ರೆಡ್ಡಿ: 1995ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಬುದ್ದಾ ಅರುಣಾ ರೆಡ್ಡಿ ಮೊದಲು ಕಲಿತದ್ದು ಕರಾಟೆ. ಮಗಳ ಮೈ ಸಲೀಸಾಗಿ ಬಾಗುವುದನ್ನು ಕಂಡ ತಂದೆ ಅವಳನ್ನು ಜಿಮ್ನಾಸ್ಟಿಕ್ಸ್‌ಗೆ ಸೇರಿಸಿದರು. ತಂದೆ 2010ರಲ್ಲಿ ತೀರಿಕೊಂಡರು. ಅರುಣಾ ಹೆಸರು ಮಾಡಿದ ವಾಲ್ಟ್‌ನಲ್ಲಿ 25 ಮೀಟರ್ ಒಳಗಿನ ಓಟ, ಚಿಮ್ಮುಹಲಗೆಯ ಮೇಲೊಂದು ಒದೆತ, 125 ಸೆಂಟಿಮೀಟರ್ ಎತ್ತರದ ಮೇಜಿಗೆ ಕೈಯೂರಿ ಗಾಳಿಯಲ್ಲೊಂದು ಸುತ್ತು: ಕೆಲವೇ ಕ್ಷಣಗಳಲ್ಲಿ ಎಲ್ಲ ಮುಗಿಯುತ್ತದೆ. ಫೈನಲ್‌ನಲ್ಲಿ ಇಂಥ ಎರಡು ಜಿಗಿತಗಳ ಸರಾಸರಿಯೇ ಅಂಕ. 2018ರ ಫೆಬ್ರವರಿಯಲ್ಲಿ ಮೆಲ್ಬರ್ನ್ ವಿಶ್ವಕಪ್‌ನಲ್ಲಿ 13.649 ಅಂಕ ಗಳಿಸಿ ಕಂಚು ಗೆದ್ದಾಗ ಅರುಣಾಗೆ 22 ವರ್ಷ. ವಿಶ್ವಕಪ್‌ನಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ಬೆಳ್ಳಿಗೂ ಅದಕ್ಕೂ ಇದ್ದ ಅಂತರ 0.050 ಅಂಕ ಮಾತ್ರ. 2019ರಲ್ಲಿ ಮೊಣಕಾಲಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಯಿತು. 2021ರಲ್ಲಿ ಕೈರೊದ ಫೇರೋಸ್ ಕಪ್‌ನಲ್ಲಿ ವಾಲ್ಟ್ ಮತ್ತು ಫ್ಲೋರ್ (ನೆಲದ ಮೇಲಿನ ಕಸರತ್ತು) ಎರಡರಲ್ಲೂ ಚಿನ್ನ ಗೆದ್ದು ಅವರು ಮರಳಿದರು.

ಕಾಲೇಜು ಕೂಟಗಳು: ಅಮೆರಿಕದಲ್ಲಿ ಕಾಲೇಜು ಜಿಮ್ನಾಸ್ಟಿಕ್ಸ್‌ಗೆ ಅದರದೇ ಪ್ರೇಕ್ಷಕರಿದ್ದಾರೆ. 2019ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೇಟ್ಲಿನ್ ಒಹಾಶಿ ಹತ್ತಕ್ಕೆ ಹತ್ತು ಪಡೆದ ಫ್ಲೋರ್ ಪ್ರದರ್ಶನದ ವಿಡಿಯೊ ಜಗತ್ತಿಡೀ ಹರಡಿತು. 2021ರ ಜುಲೈನಿಂದ ಅಲ್ಲಿನ ಕಾಲೇಜು ಕ್ರೀಡಾಪಟುಗಳು ಜಾಹೀರಾತಿನಿಂದಲೂ ಗಳಿಸಬಹುದು. ಭಾರತದಲ್ಲಿ ಅಂತರ ವಿಶ್ವವಿದ್ಯಾಲಯ ಕೂಟಗಳಿಗೆ ಅಂಥ ಮಾರುಕಟ್ಟೆಯಿಲ್ಲ. ಈ ಕೂಟಗಳಲ್ಲಿ ಗೆದ್ದವರಿಗೆ ಕ್ರೀಡಾ ಕೋಟಾದ ಸೀಟು, ಮುಂದೆ ರೈಲ್ವೆಯಂಥ ಕಡೆ ನೌಕರಿ ಸಿಗಬಹುದು. ಖ್ಯಾತಿಗೆ ಮಾತ್ರ ದೀಪಾ, ಅರುಣಾ ಅವರಂತೆ ಹೊರದೇಶದ ಕೂಟದಲ್ಲಿ ಮಿಂಚಬೇಕು.