ಒಗ್ಗರಣೆಗೂ ಕೂಗುವ ಯಂತ್ರ

ನಮ್ಮ ಮಧುಗಿರಿ, ಕೊರಟಗೆರೆ ಕಡೆ ಹೊಗೆ ಅಂದ್ರೆ ಅಪಾಯ ಅಂತ ಯಾರೂ ತಿಳಿದವರಲ್ಲ. ಸಂಜೆ ಹೆಂಚಿನ ಸಂದಿಯಿಂದ ಹೊಗೆ ಎದ್ದರೆ ಆ ಮನೇಲಿ ಮುದ್ದೆಗೆ ಎಸರಿಟ್ಟಿದ್ದಾರೆ ಅಂತ ಲೆಕ್ಕ. ಏಳದಿದ್ದರೇನೇ ಪಕ್ಕದವರು ‘ಯಾಕವ್ವ, ಒಲೆ ಹಚ್ಚಿಲ್ವಾ?’ ಅನ್ನೋದು. ಹೊಗೆ ಕಂಡ ಕೂಡಲೇ ಬೊಬ್ಬೆ ಹೊಡೆಯುವ ಯಂತ್ರದ ಬೇರು ಇರುವುದು ದೂರದ ಸ್ವಿಟ್ಜರ್ಲೆಂಡಿನಲ್ಲಿ, ಅದೂ ಆಕಸ್ಮಿಕವಾಗಿ.

1930ರ ದಶಕದಲ್ಲಿ ವಾಲ್ಟರ್ ಯೇಗರ್ ಎಂಬ ಭೌತವಿಜ್ಞಾನಿ ವಿಷಾನಿಲ ಪತ್ತೆಹಚ್ಚುವ ಸಾಧನ ಮಾಡಲು ಹೊರಟಿದ್ದ. ಅನಿಲಕ್ಕೆ ಅದು ಮಿಸುಕಲೇ ಇಲ್ಲ. ಬೇಸತ್ತು ಸಿಗರೇಟು ಹಚ್ಚಿದ ನೋಡಿ, ಮುಳ್ಳು ಅಲುಗಿತು! ಬೆಂಕಿ ಅನಾಹುತ ಏನೂ ಇರಲಿಲ್ಲ. ಅಂದರೆ ಈ ಯಂತ್ರದ ಮೊದಲ ಕೂಗೇ ಸುಳ್ಳು ಕೂಗು. ಆಮೇಲೆ ಇದೇ ತತ್ವದಲ್ಲಿ ಬಂದ ಡಿಟೆಕ್ಟರುಗಳಲ್ಲಿ ಚಿಟಿಕೆಗಿಂತ ಕಡಿಮೆ ವಿಕಿರಣ ವಸ್ತು ಗಾಳಿಯಲ್ಲಿ ಸಣ್ಣ ವಿದ್ಯುತ್ ಹರಿಸುತ್ತದೆ. ಕಣಗಳು ನುಗ್ಗಿದರೆ ಹರಿವು ತಗ್ಗುತ್ತದೆ. ಆ ಕಣ ಸುಡುತ್ತಿರುವ ವೈರಿನದೋ ಮೆಣಸಿನಕಾಯಿ ಒಗ್ಗರಣೆಯದೋ, ಅದಕ್ಕೇನು ಗೊತ್ತು?

1970ರ ದಶಕದಲ್ಲಿ ಆಸ್ಟ್ರೇಲಿಯಾದವರಿಗೆ ಉಲ್ಟಾ ತೊಂದರೆ. ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಫ್ಯಾನಿನ ಗಾಳಿಗೆ ಹೊಗೆ ತೆಳುವಾಗಿ, ಚಾವಣಿಯ ಡಿಟೆಕ್ಟರು ಸುಮ್ಮನಿರುತ್ತಿತ್ತು. ಕಾಡ್ಗಿಚ್ಚಿನ ಹೊಗೆ ಅಳೆಯುತ್ತಿದ್ದ ಅಲ್ಲಿನ ಸಿಎಸ್ಐಆರ್‌ಒ ವಿಜ್ಞಾನಿಗಳ ಉಪಕರಣ, ಬೆಳಕು ಚದುರುವುದನ್ನು ನೋಡಿ ಮೊದಲು ಗುರುತಿಸಿತು. ಮುಂದೆ ತೂತು ಕೊರೆದ ಕೊಳವೆಗಳಿಂದ ಗಾಳಿ ಹೀರಿ ಪರೀಕ್ಷಿಸುವ ವ್ಯವಸ್ಥೆ ಬಂತು. ಮೂಗು ಚುರುಕಾಯ್ತು, ಜತೆಗೆ ಧೂಳಿನ ಕಾಟವೂ ಶುರುವಾಯ್ತು.

ಅದಕ್ಕೆ ಕಂಡುಕೊಂಡ ಮದ್ದು ನನಗಂತೂ ಬಹಳ ಇಷ್ಟ: ಮೊದಲ ಕೆಲವು ದಿನ ಯಂತ್ರ ಕೂಗಬಾರದು, ಆ ಕೋಣೆಯ ಮಾಮೂಲಿ ಗಾಳಿ ಹಗಲು ಹೇಗೆ, ರಾತ್ರಿ ಹೇಗೆ ಅಂತ ಬರೀ ನೋಡಬೇಕು. ಹೊಸ ಸೊಸೆ ಮನೆ ಅರಿತ ಹಾಗೆ. ಅದರ ಮೇಲೆ ಹಂತ ಇಡೋದು: ಮೊದಲು ಒಬ್ಬರು ಹೋಗಿ ನೋಡಲಿ, ಹೊಗೆ ಏರಿ ಸ್ವಲ್ಪ ಹೊತ್ತು ನಿಂತರೆ ಮಾತ್ರ ಗಂಟೆ. ಕೊಳವೆಗೊಂದು ಫಿಲ್ಟರು, ಅದನ್ನು ಬದಲಿಸೋಕೊಬ್ಬ ಮನುಷ್ಯ.

ನಮ್ಮ ಧೂಳನ್ನು ಲೆಕ್ಕಕ್ಕೆ ಹಿಡಿದು ಯಂತ್ರ ಮಾಡಿದ್ದೂ ಉಂಟು. 1986ರಲ್ಲಿ ಕಿತ್ತೂರಿನಲ್ಲಿ ಶುರುವಾದ ಸಿ-ಡಾಟ್‌ನ ಗ್ರಾಮೀಣ ದೂರವಾಣಿ ಕೇಂದ್ರ ಎ.ಸಿ. ಇಲ್ಲದೆಯೇ ನಡೆಯುತ್ತಿತ್ತು. ಈಗ ಪಾವಗಡದಲ್ಲಿ 13,000 ಎಕರೆಯ ಸೋಲಾರ್ ಪಾರ್ಕ್ ಇದೆ, 2,050 ಮೆಗಾವಾಟಿನದು. ಅಲ್ಲಾಗಲಿ, ಶಿರಾದ ಹೆದ್ದಾರಿ ಪಕ್ಕದ ಗೋದಾಮಿನಲ್ಲಾಗಲಿ ಇಂಥ ಸೂಕ್ಷ್ಮ ಯಂತ್ರ ಕೂರಿಸುವವರು ಕಾರ್ತೀಕದ ಗಾಳಿಯನ್ನಷ್ಟೇ ಅಳೆದು ಹೋದರೆ, ಆಷಾಢದ ಗಾಳಿಗೆ ಮೂರು ರಾತ್ರಿ ಗಂಟೆ ಹೊಡೆದುಕೊಂಡು, ನಾಲ್ಕನೇ ರಾತ್ರಿ ವಾಚ್‌ಮನ್ ವೈರು ಕಿತ್ತಿಡ್ತಾನೆ.